ಸಾರ್ವಜನಿಕ ಸ್ಥಳಗಳ ಸುರಕ್ಷತೆ ಮತ್ತು ಸರ್ವಪ್ರವೇಶ: ಯುವ ವೃತ್ತಿಪರರ ಫೆಲೋಷಿಪ್ಪನ್ನು ಕುರಿತು ಒಂದು ವಿವೇಚನೆ

೧

ಊರ ಮುಂದಿನ ಅರಳಿಕಟ್ಟೆಯನ್ನು ಸಾರ್ವಜನಿಕ ಜೀವನದ ಕೇಂದ್ರವೆಂದು ವರ್ಣಿಸುವುದು ವಾಡಿಕೆ. ಪಂಚಾಯಿತಿ ಸೇರುತ್ತಿದ್ದುದು ಅಲ್ಲಿ. ದಾರಿಹೋಕನು ಬುತ್ತಿ ಬಿಚ್ಚುತ್ತಿದ್ದುದು ಅಲ್ಲಿ. ಸಂಜೆಯ ಹೊತ್ತು ಊರಿನ ಸುದ್ದಿಯೆಲ್ಲ ಹರಿದುಬರುತ್ತಿದ್ದುದೂ ಅಲ್ಲಿಗೇ. ಕಟ್ಟೆಯ ಮೇಲೆ ಕುಳಿತವನಿಗೆ ಭಯವೆಂಬುದಿರಲಿಲ್ಲ. ಆದರೆ ಅಲ್ಲಿ ಕುಳಿತವರು ಯಾರು ಎಂದು ಕೇಳಿದೊಡನೆಯೇ ಈ ಚಿತ್ರ ಬದಲಾಗುತ್ತದೆ. ಹೆಣ್ಣುಮಕ್ಕಳು ನಾಗರಕಲ್ಲಿಗೆ ಹಾಲೆರೆದು, ಪ್ರದಕ್ಷಿಣೆ ಬಂದು, ಮನೆಗೆ ಹಿಂದಿರುಗುತ್ತಿದ್ದರೇ ಹೊರತು ಕುಳಿತು ಹರಟುತ್ತಿರಲಿಲ್ಲ. ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ಜನರು ಕಟ್ಟೆಯನ್ನೇರುವ ಮಾತೇ ಇರಲಿಲ್ಲ. ಹಾಗಾದರೆ ಆ ಕಟ್ಟೆ ಸುರಕ್ಷಿತವಾಗಿತ್ತೇ? ಕುಳಿತವರ ಪಾಲಿಗೆ ಹೌದು. ಸಾರ್ವಜನಿಕವಾಗಿತ್ತೇ? ಸರ್ವಜನರಿಗೆ ಸೇರಿದ್ದು ಎಂಬುದೇ ಆ ಪದದ ಅರ್ಥವಾಗಿರುವುದರಿಂದ, ಅಲ್ಲವೆಂದೇ ಹೇಳಬೇಕಾಗುತ್ತದೆ.

ಒಂದು ಸ್ಥಳ ಕೆಲವರಿಗೆ ಸುರಕ್ಷಿತವಾಗಿದ್ದು ಹಲವರಿಗೆ ಮುಚ್ಚಿರಬಹುದು. ಎಲ್ಲರಿಗೂ ತೆರೆದಿದ್ದು ಕೆಲವರಿಗೆ ಅಪಾಯಕರವಾಗಿಯೂ ಇರಬಹುದು. ಈ ಎರಡು ಗುಣಗಳನ್ನು ಒಂದೆಡೆ ಸೇರಿಸುವುದು ಹೇಗೆ ಎಂಬುದು ಇಂದಿನ ನಗರ ಯೋಜನೆಯ ಮುಖ್ಯ ಪ್ರಶ್ನೆಗಳಲ್ಲೊಂದು. ಈ ಪ್ರಶ್ನೆಯನ್ನು ಅಭ್ಯಾಸ ಮಾಡುವುದಕ್ಕಾಗಿ, ವೃತ್ತಿಗೆ ಹೊಸದಾಗಿ ಕಾಲಿರಿಸಿದ ವಾಸ್ತುಶಿಲ್ಪಿಗಳು, ಇಂಜಿನಿಯರುಗಳು, ವಕೀಲರು, ಸಮಾಜಕಾರ್ಯಕರ್ತರು ಮುಂತಾದವರಿಗೆ ಅಧ್ಯಯನವೇತನವನ್ನು, ಎಂದರೆ ಫೆಲೋಷಿಪ್ಪನ್ನು, ನೀಡುವ ಪದ್ಧತಿ ಇತ್ತೀಚೆಗೆ ಬೆಳೆದುಬಂದಿದೆ. ಅಂತಹ ಫೆಲೋಷಿಪ್ಪಿನಲ್ಲಿ ಕಲಿಯತಕ್ಕದ್ದೇನು, ಆ ಕಲಿಕೆಯ ಹಿಂದಿರುವ ವಿಧಾನವೆಲ್ಲಿಯದು, ಅದರ ಮಿತಿಗಳಾವುವು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ವಾದವನ್ನು ಮೊದಲಿಗೇ ಹೇಳಿಬಿಡಬಹುದು: ಸ್ಥಳದಲ್ಲಿರುವವರನ್ನು ನೋಡುವುದು ಸುಲಭ, ಇಲ್ಲದವರನ್ನು ಕಾಣುವುದಕ್ಕೆ ಶಿಕ್ಷಣ ಬೇಕು. ಫೆಲೋಷಿಪ್ಪಿನ ಸಾರ್ಥಕತೆ ಈ ಶಿಕ್ಷಣದಲ್ಲಿದೆ.

೨

ವಿಧಾನವನ್ನು ಕುರಿತು ಹೇಳುವ ಮೊದಲು ಹಕ್ಕಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯಬೇಕು. ಭಾರತದಲ್ಲಿ ಸಾರ್ವಜನಿಕ ಸ್ಥಳದ ಪ್ರಶ್ನೆ ಉದ್ಯಾನಗಳ ಅಲಂಕಾರದಿಂದ ಹುಟ್ಟಿದ್ದಲ್ಲ. ಬೀದಿ ಮತ್ತು ನೀರಿನಿಂದ ಹುಟ್ಟಿದ್ದು. ೧೯೨೪-೨೫ರ ವೈಕಂ ಸತ್ಯಾಗ್ರಹ ನಡೆದದ್ದು ದೇವಾಲಯದ ಒಳಗೆ ಹೋಗುವುದಕ್ಕಲ್ಲ, ಅದರ ಸುತ್ತಲಿನ ರಸ್ತೆಗಳಲ್ಲಿ ನಡೆಯುವುದಕ್ಕೆ. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಯ ನೀರನ್ನು ಕುಡಿದದ್ದು ಇದೇ ತತ್ತ್ವದ ಪ್ರತಿಪಾದನೆಗಾಗಿ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಹಾಗೂ ಜನರು ಸೇರುವ ಸ್ಥಳಗಳ ಹೆಸರುಗಳೇ ಬಂದಿರುವುದು ಆಕಸ್ಮಿಕವಲ್ಲ. ಮತ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಇವುಗಳ ಬಳಕೆಯನ್ನು ಯಾರಿಗೂ ತಡೆಯಬಾರದೆಂಬುದು ಅದರ ತಾತ್ಪರ್ಯ.

ಅನಂತರ ಬಂದ ಶಾಸನಗಳು ಈ ತತ್ತ್ವವನ್ನು ವಿಸ್ತರಿಸಿದುವು. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯು ಪ್ರತಿ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡ ೪೦ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳಿಗೆ ಮೀಸಲಿಟ್ಟು, ಅವರಲ್ಲಿ ಮೂರನೆಯ ಒಂದು ಭಾಗ ಸ್ತ್ರೀಯರಿರಬೇಕೆಂದು ವಿಧಿಸಿತು. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳನ್ನೂ ಸಾರಿಗೆಯನ್ನೂ ಅಂಥವರಿಗೆ ಸುಗಮಗೊಳಿಸತಕ್ಕ ಹೊಣೆಯನ್ನು ಸರ್ಕಾರದ ಮೇಲಿರಿಸಿತು. ೨೦೧೫ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ೧೧.೭ನೆಯದು, ೨೦೩೦ರೊಳಗೆ ಸುರಕ್ಷಿತವೂ ಸರ್ವರನ್ನೊಳಗೊಳ್ಳುವಂಥದೂ ಆದ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ, ವಿಶೇಷತಃ ಸ್ತ್ರೀಯರು, ಮಕ್ಕಳು, ವೃದ್ಧರು ಮತ್ತು ಅಂಗವಿಕಲರಿಗೆ, ದೊರೆಯಬೇಕೆನ್ನುತ್ತದೆ.

ಕಾನೂನು ಬಾಗಿಲನ್ನು ತೆರೆಯಿತು. ಆದರೆ ತೆರೆದ ಬಾಗಿಲಿನ ಮುಂದೆ ಒಂದು ಮೊಳ ಎತ್ತರದ ಮೆಟ್ಟಿಲಿದ್ದರೆ ಗಾಲಿಕುರ್ಚಿಯವನಿಗೆ ಅದು ಮುಚ್ಚಿದ ಬಾಗಿಲೇ. ಹಕ್ಕಿಗೂ ಬಳಕೆಗೂ ನಡುವಿನ ಈ ಅಂತರವನ್ನು ಅಳೆಯುವವರು ಯಾರು? ಇಲ್ಲಿಯೇ ತರಬೇತಿ ಪಡೆದ ಯುವಕ ಯುವತಿಯರ ಅಗತ್ಯ ಕಾಣಿಸಿಕೊಳ್ಳುತ್ತದೆ.

೩

ನಗರವನ್ನು ಕಾಲ್ನಡಿಗೆಯಿಂದ ಅರಿಯಬೇಕೆಂಬ ವಿಚಾರ ಹೊಸದಲ್ಲ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಜೀವಶಾಸ್ತ್ರದಿಂದ ನಗರಶಾಸ್ತ್ರಕ್ಕೆ ಬಂದವರು. ೧೯೧೪ರಲ್ಲಿ ಭಾರತಕ್ಕೆ ಆಗಮಿಸಿದ ಅವರು ಅನೇಕ ಪಟ್ಟಣಗಳ ಓಣಿಗಳಲ್ಲಿ ಅಲೆದು ವರದಿಗಳನ್ನು ಬರೆದರು; ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಹಾಗೂ ಪೌರನೀತಿಯ ಪ್ರಾಧ್ಯಾಪಕರಾದರು. ಹಳೆಯ ಕೇರಿಗಳನ್ನು ಸೀಳಿ ನೇರ ರಸ್ತೆಗಳನ್ನು ಹಾಯಿಸುವ ಅಂದಿನ ಇಂಜಿನಿಯರುಗಳ ಪದ್ಧತಿಯನ್ನು ಅವರು ವಿರೋಧಿಸಿದರು. ವೈದ್ಯನು ರೋಗಿಯನ್ನು ಪರೀಕ್ಷಿಸಿದ ಮೇಲೆಯೇ ಔಷಧ ಬರೆಯುವಂತೆ, ಯೋಜಕನು ಊರನ್ನು ನಡೆದು ನೋಡಿದ ಮೇಲೆಯೇ ನಕ್ಷೆ ಬರೆಯಬೇಕೆಂಬುದು ಅವರ ಮತ.

ಅಮೆರಿಕದ ಜೇನ್ ಜೇಕಬ್ಸ್ ನಗರ ಯೋಜನೆಯಲ್ಲಿ ಪದವಿ ಪಡೆದವರಲ್ಲ, ಪತ್ರಿಕೋದ್ಯಮಿ. ೧೯೫೮ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಅವರಿಗೆ ನೀಡಿದ ಧನಸಹಾಯದಿಂದ ಸಿದ್ಧವಾದ ಗ್ರಂಥ ೧೯೬೧ರಲ್ಲಿ ಪ್ರಕಟವಾಯಿತು. ಬೀದಿಯ ಸುರಕ್ಷತೆ ಪೋಲೀಸರಿಗಿಂತ ಹೆಚ್ಚಾಗಿ ಅಂಗಡಿಯವರು, ಮನೆಯವರು, ಹೋಗಿಬರುವವರು ಇವರ ಕಣ್ಣುಗಳಿಂದ ಉಂಟಾಗುತ್ತದೆಂಬ ಅವರ ಸಿದ್ಧಾಂತ ಈಗ ಸರ್ವವಿದಿತ. ಪದವಿಯಿಲ್ಲದ ಒಬ್ಬ ಲೇಖಕಿಗೆ ದೊರೆತ ಅಲ್ಪ ಸಹಾಯವು ಒಂದು ಶಾಸ್ತ್ರದ ದಿಕ್ಕನ್ನೇ ಬದಲಿಸಿದ ಈ ನಿದರ್ಶನ ಫೆಲೋಷಿಪ್ಪುಗಳ ಪರವಾಗಿ ಬಲವಾದ ಸಾಕ್ಷ್ಯವಾಗಿದೆ.

ಜೇಕಬ್ಸರ ಗ್ರಂಥ ಹೊರಬಂದ ೧೯೬೧ರಲ್ಲಿಯೇ ನ್ಯೂಯಾರ್ಕಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಟ್ಟಡದ ಮುಂದೆ ಸಾರ್ವಜನಿಕರಿಗಾಗಿ ಅಂಗಳ ಬಿಟ್ಟವರಿಗೆ ಹೆಚ್ಚು ಅಂತಸ್ತುಗಳನ್ನು ಕಟ್ಟಲು ಅನುಮತಿ ನೀಡುವ ನಿಯಮ ಜಾರಿಗೆ ಬಂದಿತು. ಅಂಗಳಗಳು ಹಲವು ಆದುವು. ಆದರೆ ಅನೇಕವು ಬರಿದಾಗಿದ್ದುವು. ಕಾರಣವೇನೆಂದು ವಿಲಿಯಂ ವೈಟ್ ೧೯೭೦ರ ಸುಮಾರಿನಲ್ಲಿ ತರುಣ ಸಹಾಯಕರ ಗುಂಪಿನೊಡನೆ ಪರಿಶೀಲಿಸತೊಡಗಿದರು. ಮಾಳಿಗೆಗಳ ಮೇಲೆ ಚಲನಚಿತ್ರ ಕ್ಯಾಮರಾಗಳನ್ನಿಟ್ಟು, ಕೆಳಗೆ ಕಾಗದ ಪೆನ್ಸಿಲುಗಳನ್ನು ಹಿಡಿದು, ಯಾರು ಎಲ್ಲಿ ಎಷ್ಟು ಹೊತ್ತು ಕುಳಿತರೆಂಬುದನ್ನು ಗುರುತು ಹಾಕಿದರು. ಸೂರ್ಯನ ಬಿಸಿಲು, ಅಂಗಳದ ಆಕಾರ, ವಿಸ್ತೀರ್ಣ ಇವಾವುವೂ ಸಾಕಷ್ಟು ಕಾರಣ ನೀಡಲಿಲ್ಲ. ಕೊನೆಗೆ ದೊರೆತ ಉತ್ತರ ಮಗುವಿಗೂ ತಿಳಿಯುವಂಥದು: ಕುಳಿತುಕೊಳ್ಳಲು ಜಾಗವಿರುವಲ್ಲಿ ಜನರು ಕುಳಿತುಕೊಳ್ಳುತ್ತಾರೆ. ಇದರ ಪರಿಣಾಮವಾಗಿ ೧೯೭೫ರಲ್ಲಿ ನಿಯಮ ತಿದ್ದುಪಡಿಯಾಗಿ, ಪ್ರತಿ ೩೦ ಚದರ ಅಡಿ ಅಂಗಳಕ್ಕೆ ಒಂದು ಅಡಿ ಉದ್ದದ ಆಸನವಿರಬೇಕೆಂದಾಯಿತು.

ವೈಟರ ಇನ್ನೊಂದು ಅವಲೋಕನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಚೆನ್ನಾಗಿ ನಡೆಯುವ ಅಂಗಳಗಳಲ್ಲಿ ಸ್ತ್ರೀಯರ ಪ್ರಮಾಣ ಸರಾಸರಿಗಿಂತ ಹೆಚ್ಚಾಗಿರುತ್ತಿತ್ತು. ಅದು ಇಳಿದಲ್ಲಿ ಏನೋ ಕೆಟ್ಟಿದೆಯೆಂದು ತಿಳಿಯಬಹುದಾಗಿತ್ತು. ಸ್ಥಳವನ್ನು ಆರಿಸಿಕೊಳ್ಳುವುದರಲ್ಲಿ ಸ್ತ್ರೀಯರು ಹೆಚ್ಚು ಎಚ್ಚರ ವಹಿಸುವುದರಿಂದ ಅವರ ಇರುವಿಕೆಯೇ ಸ್ಥಳದ ಆರೋಗ್ಯದ ಮಾಪಕವಾಗುತ್ತದೆ. ಇಲ್ಲದವರನ್ನು ಲೆಕ್ಕ ಹಾಕುವ ವಿದ್ಯೆಯ ಆರಂಭವನ್ನು ಇಲ್ಲಿ ಕಾಣಬಹುದು.

೪

ಈ ವಿದ್ಯೆಗೆ ಕ್ರಮಬದ್ಧವಾದ ರೂಪ ದೊರೆತದ್ದು ಕೆನಡಾ ದೇಶದ ಟೊರಾಂಟೋ ನಗರದಲ್ಲಿ. ಸ್ತ್ರೀಯರ ಮತ್ತು ಮಕ್ಕಳ ಮೇಲಿನ ಹಿಂಸೆಯ ವಿರುದ್ಧ ಅಲ್ಲಿ ಕೆಲಸ ಮಾಡುತ್ತಿದ್ದ ಮೆಟ್ರಾಕ್ ಎಂಬ ಸಂಸ್ಥೆ ೧೯೮೯ರಲ್ಲಿ ಸ್ತ್ರೀಯರ ಸುರಕ್ಷತಾ ಪರಿಶೀಲನೆಯ ಕ್ರಮವೊಂದನ್ನು ರೂಪಿಸಿತು. ಅದರ ತತ್ತ್ವ ಸರಳ. ಸ್ಥಳವನ್ನು ಬಳಸುವವಳೇ ಅದರ ತಜ್ಞೆ. ಕೆಲವು ಮಂದಿ ಸ್ತ್ರೀಯರು ಕತ್ತಲಾದ ಮೇಲೆ ಒಂದು ದಾರಿಯಲ್ಲಿ ಜೊತೆಯಾಗಿ ನಡೆದು, ಎಲ್ಲಿ ಹೆಜ್ಜೆ ಬಿರುಸಾಗುತ್ತದೆ, ಎಲ್ಲಿ ಹಿಂದಿರುಗಿ ನೋಡಬೇಕೆನಿಸುತ್ತದೆ, ಅದಕ್ಕೆ ಕಾರಣವೇನು ಎಂಬುದನ್ನು ಅಲ್ಲಲ್ಲಿಯೇ ಬರೆದುಕೊಳ್ಳುತ್ತಾರೆ. ದೆಹಲಿಯಲ್ಲಿ ಕಲ್ಪನಾ ವಿಶ್ವನಾಥ್ ಮತ್ತು ಸಂಗಡಿಗರು ೨೦೧೩ರಲ್ಲಿ ಆರಂಭಿಸಿದ ಸೇಫ್ಟಿಪಿನ್ ಇದೇ ಕ್ರಮವನ್ನು ಮೊಬೈಲ್ ಫೋನಿಗೆ ಅಳವಡಿಸಿ, ದೀಪ, ಸ್ಥಳದ ತೆರವು, ಇತರರ ಕಣ್ಣಿಗೆ ಬೀಳುವಿಕೆ, ಜನಸಂಚಾರ, ಕಾವಲು, ಕಾಲುದಾರಿ, ಸಾರಿಗೆ, ಸ್ತ್ರೀಪುರುಷರ ಪ್ರಮಾಣ, ಒಟ್ಟು ಅನುಭವ ಎಂಬ ಒಂಬತ್ತು ಅಂಶಗಳನ್ನು ಗೊತ್ತುಪಡಿಸಿತು.

ಇಂತಹ ಪರಿಶೀಲನೆಯಿಂದ ಪ್ರಯೋಜನವುಂಟೇ ಎಂಬ ಶಂಕೆಗೆ ವಿಯೆನ್ನಾ ನಗರ ಉತ್ತರ ಕೊಟ್ಟಿದೆ. ಅಲ್ಲಿ ಈವಾ ಕಾಯ್ಲ್ ಮೊದಲಾದ ಯೋಜಕಿಯರು ೧೯೯೧ರಲ್ಲಿ, ಸಾರ್ವಜನಿಕ ಸ್ಥಳ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಕೆಲವು ವರ್ಷಗಳ ಮೇಲೆ ಉದ್ಯಾನಗಳ ಅಧ್ಯಯನ ನಡೆದಾಗ, ಸುಮಾರು ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಅಲ್ಲಿಗೆ ಬರುವುದೇ ತೀರ ಕಡಿಮೆಯಾಗುತ್ತಿತ್ತೆಂದು ತಿಳಿದುಬಂದಿತು. ಗಂಡುಹುಡುಗರ ಬರವು ಹಾಗೆ ಇಳಿಯುತ್ತಿರಲಿಲ್ಲ. ಯಾರೂ ಹೆಣ್ಣುಮಕ್ಕಳನ್ನು ಹೊರಗೆ ಹಾಕಿರಲಿಲ್ಲ. ಇದ್ದ ಒಂದೇ ದೊಡ್ಡ ಬಯಲನ್ನು ಚೆಂಡಾಟದ ಹುಡುಗರು ಆವರಿಸಿಕೊಳ್ಳುತ್ತಿದ್ದರು. ಅವರೊಡನೆ ಸ್ಪರ್ಧಿಸುವುದಕ್ಕಿಂತ ಹೊರಟುಹೋಗುವುದೇ ಹುಡುಗಿಯರಿಗೆ ಸುಲಭವಾಗಿತ್ತು. ೧೯೯೯ರಲ್ಲಿ ಐನ್‌ಸೀಡ್ಲರ್ ಉದ್ಯಾನ ಮುಂತಾದೆಡೆ ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಬೇರೆ ಆಟಗಳಿಗೂ ಕುಳಿತು ಮಾತನಾಡುವುದಕ್ಕೂ ಅವಕಾಶ ಕಲ್ಪಿಸಿ, ಕಾಲುದಾರಿಗಳನ್ನು ಸುಧಾರಿಸಿದಾಗ ಹುಡುಗಿಯರು ಮರಳಿ ಬಂದರು. ನಿಷೇಧವಿಲ್ಲದೆಯೂ ಬಹಿಷ್ಕಾರ ನಡೆಯಬಲ್ಲದು, ಲೆಕ್ಕ ಮಾಡದ ಹೊರತು ಅದು ಕಾಣುವುದೇ ಇಲ್ಲ ಎಂಬುದು ಈ ಪ್ರಕರಣದಿಂದ ಸಿದ್ಧಪಡುತ್ತದೆ.

೫

ಇನ್ನು ಈ ವಿಷಯದಲ್ಲಿ ಅಡಗಿರುವ ಒಂದು ಅಪಾಯವನ್ನು ವಿಚಾರಮಾಡಬೇಕು. ಸುರಕ್ಷತೆಯ ಹೆಸರಿನಲ್ಲಿ ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಯಾರನ್ನಾದರೂ ಹೊರಗೆ ಕಳುಹಿಸುವ ಕೆಲಸಗಳೇ ಆಗಿರುತ್ತವೆ. ಬೇಲಿ ಎತ್ತರಿಸುವುದು, ಗೇಟಿಗೆ ಬೀಗ ಹಾಕುವುದು, ಬೆಂಚಿನ ನಡುವೆ ಕಬ್ಬಿಣದ ಪಟ್ಟಿ ಹೊಡೆದು ಯಾರೂ ಮಲಗದಂತೆ ಮಾಡುವುದು, ಗಾಡಿಯ ವ್ಯಾಪಾರಿಗಳನ್ನು ತೆರವುಗೊಳಿಸುವುದು ಇವು ಬೇಗ ಮುಗಿಯುವಂಥವು, ಕಣ್ಣಿಗೆ ಕಾಣುವಂಥವು. ಆದರೆ ಅವುಗಳ ಫಲವೇನು? ರಾತ್ರಿ ಒಂಬತ್ತರವರೆಗೆ ದೀಪ ಹೊತ್ತಿಸಿಕೊಂಡು ಕೂರುತ್ತಿದ್ದ ಹೂವಿನಾಕೆಯನ್ನು ಎಬ್ಬಿಸಿ ಕಳುಹಿಸಿದರೆ, ಕೊನೆಯ ಬಸ್ಸಿಗೆ ಕಾದುನಿಂತ ಹುಡುಗಿಯ ಮೇಲಿದ್ದ ಒಂದೇ ಒಂದು ಸ್ನೇಹದ ಕಣ್ಣು ಇಲ್ಲವಾಗುತ್ತದೆ.

ನ್ಯೂಯಾರ್ಕಿನ ಬ್ರಯಂಟ್ ಉದ್ಯಾನದ ಕಥೆ ಇಲ್ಲಿ ಎರಡು ಬಗೆಯಲ್ಲೂ ಪಾಠ ಹೇಳುತ್ತದೆ. ೧೯೭೦ರ ದಶಕದಲ್ಲಿ ಅದು ಮಾದಕ ವಸ್ತುಗಳ ವ್ಯಾಪಾರಕ್ಕೆ ಕುಖ್ಯಾತವಾಗಿತ್ತು. ವೈಟರು ಸೂಚಿಸಿದ ಪರಿಹಾರ ಗೋಡೆಯನ್ನು ಎತ್ತರಿಸುವುದಲ್ಲ; ರಸ್ತೆಯಿಂದ ಉದ್ಯಾನವನ್ನು ಮರೆಮಾಡಿದ್ದ ಗಿಡಗಳ ಬೇಲಿಯನ್ನು ತೆಗೆದು ಪ್ರವೇಶಗಳನ್ನು ಅಗಲಗೊಳಿಸುವುದು. ೧೯೮೮ರಲ್ಲಿ ಮುಚ್ಚಿ ೧೯೯೨ರಲ್ಲಿ ಮತ್ತೆ ತೆರೆದಾಗ, ಎಲ್ಲಿಗೆ ಬೇಕಾದರೂ ಎಳೆದುಕೊಂಡು ಕೂರಬಹುದಾದ ಬಿಡಿ ಕುರ್ಚಿಗಳನ್ನು ಇಡಲಾಯಿತು, ಜನರು ತುಂಬಿದರು. ಇದು ಒಂದು ಪಾಠ. ಉದ್ಯಾನದ ಆಡಳಿತ ಖಾಸಗಿ ಮಂಡಲಿಯ ಕೈಗೆ ಹೋಗಿ, ಅಲ್ಲಿ ಯಾರಿರಬೇಕೆಂಬುದನ್ನು ಹಣ ಮತ್ತು ಕಾವಲುಗಾರರು ಗೊತ್ತುಪಡಿಸುವಂತಾಯಿತೆಂದು ಸಮಾಜಶಾಸ್ತ್ರಜ್ಞೆ ಶಾರನ್ ಜೂಕಿನ್ ಆಕ್ಷೇಪಿಸಿದುದು ಎರಡನೆಯ ಪಾಠ.

ಭಾರತದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎತ್ತಿದವರು ಶಿಲ್ಪಾ ಫಡ್ಕೆ, ಸಮೀರಾ ಖಾನ್ ಮತ್ತು ಶಿಲ್ಪಾ ರಾನಡೆ. ೨೦೦೩ರಿಂದ ೨೦೦೬ರವರೆಗೆ ಮುಂಬಯಿಯಲ್ಲಿ ನಡೆಸಿದ ಸಂಶೋಧನೆಯನ್ನು ಆಧರಿಸಿ ೨೦೧೧ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಸಾರವಿದು: ಸ್ತ್ರೀಯು ಬೀದಿಗೆ ಬರುವುದಕ್ಕೆ ಯಾವಾಗಲೂ ಒಂದು ಕಾರಣವನ್ನು ತೋರಿಸಬೇಕಾಗುತ್ತದೆ. ಕೆಲಸ, ಶಾಲೆ, ಮಾರುಕಟ್ಟೆ ಯಾವುದಾದರೂ ಸರಿ, ಸುಮ್ಮನೆ ನಿಲ್ಲುವಂತಿಲ್ಲ. ಸುಮ್ಮನೆ ಅಡ್ಡಾಡುವ ಹಕ್ಕು ದೊರೆತಾಗಲೇ ನಗರ ಅವಳದ್ದಾಗುತ್ತದೆ. ಆದರೆ ಸ್ತ್ರೀಯರ ರಕ್ಷಣೆಯ ನೆಪದಲ್ಲಿ ಬಡ ಗಂಡಸರನ್ನೂ ಅಲ್ಪಸಂಖ್ಯಾತರನ್ನೂ ಬೀದಿಯಿಂದ ಓಡಿಸುವುದರಿಂದ ಇದು ಸಾಧ್ಯವಾಗದು. ಎಲ್ಲರ ಹಕ್ಕೂ ಒಟ್ಟಿಗೆ ನಿಲ್ಲುತ್ತದೆ, ಒಟ್ಟಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ ೨೦೦೩ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಆರಂಭಿಸಿದ ಬ್ಲ್ಯಾಂಕ್ ನಾಯ್ಸ್ ಎಂಬ ಉದ್ಯಮ ಈ ಹಕ್ಕನ್ನು ಆಚರಣೆಯಲ್ಲಿ ತೋರಿಸಿದೆ. ಅದರ ಕಾರ್ಯಕ್ರಮಗಳಲ್ಲೊಂದರಲ್ಲಿ ಸ್ತ್ರೀಯರು ಉದ್ಯಾನಗಳಲ್ಲಿ ಸೇರಿ, ಹುಲ್ಲಿನ ಮೇಲೆ ನಿದ್ರೆ ಮಾಡುತ್ತಾರೆ. ಗಂಡಸೊಬ್ಬನು ಮಧ್ಯಾಹ್ನ ಮರದಡಿ ಮಲಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಂಗಸೊಬ್ಬಳು ಮಲಗಿದರೆ ಅದು ಸುದ್ದಿಯಾಗುತ್ತದೆ. ಈ ಭೇದವೊಂದೇ ನಮ್ಮ ಉದ್ಯಾನಗಳ ಸ್ಥಿತಿಯನ್ನು ತಿಳಿಸುವುದಕ್ಕೆ ಸಾಕು.

ಬೆಂಗಳೂರಿನ ಬಡಾವಣೆಗಳ ಅನೇಕ ಉದ್ಯಾನಗಳಿಗೆ ಹಗಲಿನ ಬಹುಭಾಗ ಬೀಗ ಬಿದ್ದಿರುತ್ತಿದ್ದ ಕಾಲವಿತ್ತು. ಬೆಳಗಿನ ಹಾಗೂ ಸಂಜೆಯ ವಾಯುಸಂಚಾರಕ್ಕೆ ಬರುವವರಿಗೆ ಅದರಿಂದ ತೊಂದರೆಯಾಗುತ್ತಿರಲಿಲ್ಲ. ನಡುಹಗಲಿನಲ್ಲಿ ಊಟದ ಡಬ್ಬಿ ಬಿಚ್ಚಲು ನೆರಳು ಹುಡುಕುವ ಕಟ್ಟಡದ ಕೂಲಿಯವರು ಮಾತ್ರ ಹೊರಗೆ ಉಳಿಯುತ್ತಿದ್ದರು. ೨೦೨೪ರಲ್ಲಿ ಉದ್ಯಾನಗಳನ್ನು ಬೆಳಗಿನ ೫ರಿಂದ ರಾತ್ರಿ ೧೦ರವರೆಗೆ ತೆರೆದಿಡಬೇಕೆಂದು ನಿರ್ಧಾರವಾದಾಗ ಅದಕ್ಕೆ ಸ್ವಾಗತವೂ ಬಂದಿತು, ಸುರಕ್ಷತೆಯ ಬಗ್ಗೆ ಆತಂಕವೂ ಕೇಳಿಬಂದಿತು. ಯಾರ ಸುರಕ್ಷತೆ, ಯಾರಿಂದ ಎಂದು ಕೇಳುವ ಅಭ್ಯಾಸವೇ ಫೆಲೋಷಿಪ್ಪಿನ ಮೊದಲ ಪಾಠವಾಗಬೇಕು.

೬

ಹಾಗಾದರೆ ಫೆಲೋ ಆದವರು ಮಾಡತಕ್ಕ ಕೆಲಸವೇನು? ಒಂದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಕರ್ನಾಟಕದಲ್ಲಿ ೨೦೨೩ರ ಜೂನ್ ೧೧ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ತಡೆ ಹೋಯಿತು. ನಿಲ್ದಾಣದ ತಡೆಗಳು ಹೋದುವೇ?

ಮೊದಲನೆಯದು ಎಣಿಕೆ. ಒಂದು ವಾರ ಕಾಲ ಗಂಟೆಗೊಮ್ಮೆ, ಸ್ತ್ರೀಪುರುಷರನ್ನು, ಮಕ್ಕಳು ವೃದ್ಧರನ್ನು, ನಿಂತವರು ಕುಳಿತವರನ್ನು ಪ್ರತ್ಯೇಕವಾಗಿ ಎಣಿಸಬೇಕು. ಎಷ್ಟು ಗಂಟೆಗೆ ಸ್ತ್ರೀಯರ ಸಂಖ್ಯೆ ತಟಕ್ಕನೆ ಇಳಿಯುತ್ತದೆಂಬುದನ್ನು ಗುರುತಿಸಬೇಕು. ಎರಡನೆಯದು ಅಳತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ೨೦೧೨ರ ಮಾರ್ಗಸೂಚಿಯಂತೆ ಕಾಲುದಾರಿಯಲ್ಲಿ ಕನಿಷ್ಠ ೧.೮ ಮೀಟರು ತೆರವಾದ ಅಗಲವಿರಬೇಕು. ಅದರ ಅಂಚಿನ ಎತ್ತರ ೧೫೦ ಮಿಲಿಮೀಟರನ್ನು ಮೀರಬಾರದು. ಟೇಪು ಹಿಡಿದು ಅಳೆದರೆ ವಾದಕ್ಕೆ ಎಡೆಯಿರುವುದಿಲ್ಲ. ಮೂರನೆಯದು ಜೊತೆನಡಿಗೆ. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಬಸುರಿ ಹೆಂಗಸು, ಲಿಂಗಪರಿವರ್ತಿತರು, ಪರೀಕ್ಷೆ ಮುಗಿಸಿ ತಡವಾಗಿ ಮರಳುವ ವಿದ್ಯಾರ್ಥಿನಿ ಇವರ ಸಂಗಡ ಅದೇ ದಾರಿಯಲ್ಲಿ ನಡೆಯಬೇಕು. ಕಚೇರಿಯ ಕಡತದಲ್ಲಿ ದೀಪದ ಕಂಬ ಇರುತ್ತದೆ. ಮರದ ಕೊಂಬೆ ಅದರ ಬೆಳಕನ್ನು ಮರೆಮಾಡಿರುವುದು ನಡೆದವರಿಗೇ ಗೊತ್ತಾಗುತ್ತದೆ. ಶೌಚಾಲಯವಿರುತ್ತದೆ, ಅದಕ್ಕೆ ರಾತ್ರಿ ಎಂಟಕ್ಕೇ ಬೀಗ ಬೀಳುತ್ತದೆಂಬುದು ಕಾದವರಿಗೇ ಗೊತ್ತಾಗುತ್ತದೆ. ನಾಲ್ಕನೆಯದು, ಬಾರದವರನ್ನು ಮನೆಗೆ ಹೋಗಿ ಕೇಳುವುದು. ಇದು ಎಲ್ಲಕ್ಕಿಂತ ಕಷ್ಟದ್ದು. ಸಂಜೆಯ ತರಗತಿಗೆ ಸೇರದ ಹುಡುಗಿಯು ನಿಲ್ದಾಣದ ಎಣಿಕೆಯಲ್ಲಿ ಎಂದಿಗೂ ಸಿಗುವುದಿಲ್ಲ. ಐದನೆಯದು, ಸಣ್ಣ ಬದಲಾವಣೆಯೊಂದನ್ನು ಮಾಡಿಸಿ ಮತ್ತೆ ಎಣಿಸುವುದು.

ಇಂತಹ ಕೆಲಸವನ್ನು ಸಾಮಾನ್ಯ ಯುವಜನರು ಮಾಡಬಲ್ಲರೆಂಬುದಕ್ಕೆ ಮುಂಬಯಿಯ ಪುಕಾರ್ ಸಂಸ್ಥೆ ೨೦೦೫ರಲ್ಲಿ ಆರಂಭಿಸಿದ ಯುವ ಫೆಲೋಷಿಪ್ ಸಾಕ್ಷಿಯಾಗಿದೆ. ಸಂಸ್ಥೆಯ ಸ್ಥಾಪಕರಾದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಸಂಶೋಧನೆ ಎಂಬುದು ಪಂಡಿತರ ಸೊತ್ತಲ್ಲ, ಪ್ರತಿಯೊಬ್ಬ ಪ್ರಜೆಯ ಹಕ್ಕು ಎಂದು ಪ್ರತಿಪಾದಿಸಿದವರು. ಅಲ್ಲಿ ಯುವಜನರು ಗುಂಪುಗಳಾಗಿ ಸೇರಿ, ತಮ್ಮ ನೆರೆಹೊರೆಯ ಪ್ರಶ್ನೆಯೊಂದನ್ನು ತಾವೇ ಆರಿಸಿಕೊಂಡು ಅಧ್ಯಯನ ಮಾಡಿದರು. ಪ್ರಶ್ನೆ ಅವರದೇ ಆಗಿತ್ತೆಂಬುದು ಗಮನಾರ್ಹ.

ಮಿತಿಗಳನ್ನೂ ಹೇಳದಿದ್ದರೆ ವಿವೇಚನೆ ಅಪೂರ್ಣವಾಗುತ್ತದೆ. ಫೆಲೋಷಿಪ್ಪಿನ ಅವಧಿ ಸಾಮಾನ್ಯವಾಗಿ ಕೆಲವು ತಿಂಗಳುಗಳು. ಬೀದಿಯ ಬದುಕಾದರೋ ಬೇಸಗೆ, ಮಳೆಗಾಲ, ಜಾತ್ರೆ, ಪರೀಕ್ಷೆಗಳೊಡನೆ ಇಡೀ ವರ್ಷ ಹರಡಿಕೊಂಡಿರುತ್ತದೆ. ವೇತನ ಅಲ್ಪವಾದರೆ ಅನುಕೂಲಸ್ಥರ ಮಕ್ಕಳಷ್ಟೇ ಅರ್ಜಿ ಹಾಕುತ್ತಾರೆ; ಸರ್ವಪ್ರವೇಶವನ್ನು ಕುರಿತ ಅಧ್ಯಯನಕ್ಕೇ ಸರ್ವಪ್ರವೇಶವಿಲ್ಲದಂತಾಗುತ್ತದೆ. ವರದಿ ಅಚ್ಚಾಗಿ ಕಪಾಟು ಸೇರುವುದು ಇನ್ನೊಂದು ದೋಷ. ಆದಕಾರಣ ಅಧ್ಯಯನದ ಆರಂಭದಲ್ಲಿಯೇ ಸ್ಥಳದ ಹೊಣೆ ಹೊತ್ತ ಅಧಿಕಾರಿಯೊಬ್ಬರನ್ನು ಜೊತೆಗೂಡಿಸಿಕೊಳ್ಳುವುದೂ, ಎಣಿಕೆಯ ಫಲವನ್ನು ಎಣಿಸಲ್ಪಟ್ಟವರ ಮುಂದೆ ಅವರ ಭಾಷೆಯಲ್ಲಿಯೇ ಓದಿ ಹೇಳುವುದೂ ಅವಶ್ಯಕ.

೭

ಫೆಲೋಷಿಪ್ಪು ಕೆಲವರಿಗೆ ಮಾತ್ರ ದೊರೆಯುತ್ತದೆ. ಅದರ ವಿದ್ಯೆ ಎಲ್ಲ ಕಾಲೇಜುಗಳಿಗೂ ತೆರೆದಿದೆ. ಕಾಲೇಜಿನ ಗೇಟಿನಿಂದ ಬಸ್ ನಿಲ್ದಾಣದವರೆಗಿನ ದಾರಿಯನ್ನು ಒಂದು ತರಗತಿ ಒಂದು ವರ್ಷದ ಪ್ರಯೋಗಕ್ಕಾಗಿ ಆರಿಸಿಕೊಂಡರೆ ಸಾಕು. ಸಮಾಜಶಾಸ್ತ್ರದವರು ಎಣಿಸಲಿ, ಗಣಿತದವರು ಕೋಷ್ಟಕ ಹಾಕಲಿ, ಭೂಗೋಳದವರು ನಕ್ಷೆ ಬರೆಯಲಿ, ಕನ್ನಡದವರು ದಾರಿಯ ಜನರ ಮಾತನ್ನು ಅವರು ಆಡಿದಂತೆಯೇ ಬರೆದುಕೊಳ್ಳಲಿ. ಇದಕ್ಕೆ ಬೇಕಾದ ಸಲಕರಣೆಗಳು ಒಂದು ಟೇಪು, ಒಂದು ಗಡಿಯಾರ, ಒಂದು ನೋಟುಪುಸ್ತಕ.

ಅರಳಿಕಟ್ಟೆಗಳು ಇಂದಿಗೂ ಅನೇಕ ಊರುಗಳಲ್ಲಿವೆ. ಸಂಜೆಯ ಹೊತ್ತಿನಲ್ಲಿ ಅಲ್ಲಿ ಕುಳಿತವರನ್ನು ಎಣಿಸುವುದು ಐದು ನಿಮಿಷದ ಕೆಲಸ. ಕುಳಿತಿಲ್ಲದವರ ಪಟ್ಟಿಯನ್ನು ಬರೆಯಲು ಹೊರಟ ವಿದ್ಯಾರ್ಥಿಗೆ ಇಡೀ ಊರನ್ನು ಸುತ್ತಬೇಕಾಗುತ್ತದೆ. ಆ ಪಟ್ಟಿ ಚಿಕ್ಕದಾಗುತ್ತ ಬಂದಂತೆ ಕಟ್ಟೆ ಸಾರ್ವಜನಿಕವಾಗುತ್ತ ಬಂದಿತೆಂದು ತಿಳಿಯಬಹುದು.